ಮೊದಲನೆಯ ಮಳೆಗಾಲ

(ಗೂಡಲೂರು ಕಡೆಯ ತೋಟದ ಕುಟುಂಬಗಳ ಕೂಟದಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ, ಹೊಸದಾಗಿ ಬಂದ ಮನೆಯವರಿಗೆಂದು ಮಾಡಿದ ಭಾಷಣ)



ಮೇ ತಿಂಗಳ ಕೊನೆಯ ಭಾನುವಾರ ಕೂಟ ಮುಗಿದ ಮೇಲೆ ಅರ್ಧ ಗಂಟೆ ಕೂತು ಮಳೆಯ ವಿಷಯ ಮಾತಾಡುವುದು ನಮ್ಮಲ್ಲಿ ಕೆಲವು ವರ್ಷಗಳಿಂದ ರೂಢಿಯಾಗಿದೆ. ಹಳಬರಿಗೆ ಬೇಸರವಾಗಬಹುದು. ಹೋದ ವರ್ಷವೂ ಇದನ್ನೇ ಹೇಳಿದರು, ಇಂಬಳಕ್ಕೆ ಉಪ್ಪು ಹಚ್ಚಿ ಎಂದು ಹೇಳುವುದಕ್ಕೆ ಒಂದು ಭಾಷಣ ಬೇಕೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಈಗಾಗಲೇ ನಗುತ್ತಿದ್ದಾರೆ. ನಗಲಿ. ಆದರೆ ಎದ್ದು ಹೋಗಬೇಡಿ. ಇದನ್ನು ಯಾಕೆ ಪ್ರಾರಂಭಿಸಿದೆವು ಎಂಬುದನ್ನು ಈ ಸಾರಿ ಬಿಚ್ಚಿ ಹೇಳಬೇಕೆಂದಿದ್ದೇವೆ.

ನಮ್ಮಲ್ಲಿ ಹೆಚ್ಚಿನವರು ಬಯಲುಸೀಮೆಯಿಂದ ಬಂದವರು. ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ, ತಾಳವಾಡಿ, ಇವೇ ನಮ್ಮ ಊರುಗಳು. ಕೊಳ್ಳೇಗಾಲ 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದದ್ದರಿಂದ ನಮ್ಮ ಅಜ್ಜಂದಿರಿಗೆ ಈ ಬೆಟ್ಟ ಬೇರೆ ರಾಜ್ಯ ಎಂದು ಅನಿಸಿರಲೇ ಇಲ್ಲ. ಮೇಸ್ತ್ರಿ ಮುಂಗಡ ಕೊಟ್ಟ, ಮೂಟೆ ಕಟ್ಟಿದರು, ಬಂದರು. ಬೆಟ್ಟ ಹತ್ತಿ ಬಂದ ಮೇಲೆ ತಿಳಿಯಿತು, ಬದಲಾದದ್ದು ರಾಜ್ಯವಲ್ಲ, ಆಕಾಶ ಎಂದು.

ನಮ್ಮೂರಿನಲ್ಲಿ ಮೋಡ ಕಂಡರೆ ಜನ ಮನೆಯಿಂದ ಹೊರಗೆ ಬರುತ್ತಾರೆ. ಇಲ್ಲಿ ಬಿಸಿಲು ಕಂಡರೆ ಹೊರಗೆ ಬರುತ್ತಾರೆ. ಈ ಒಂದು ಮಾತಿನಲ್ಲಿ ಎಲ್ಲವೂ ಇದೆ. ಹೊಸದಾಗಿ ಬಂದ ಒಬ್ಬ ಅಣ್ಣ ಜೂನ್ ಮೊದಲ ವಾರದಲ್ಲಿ ಮೋಡ ಕಟ್ಟಿದ್ದನ್ನು ನೋಡಿ, 'ಈ ಸಾರಿ ರಾಗಿ ಚೆನ್ನಾಗಿ ಆಗ್ತದೆ ಬಿಡಿ' ಎಂದು ಸಂತೋಷದಿಂದ ಹೇಳಿದ್ದು ನಮಗೆ ನೆನಪಿದೆ. ಪಾಪ, ಬಿತ್ತುವುದಕ್ಕೆ ಅವನಿಗೆ ಇಲ್ಲಿ ಒಂದು ಅಂಗೈಯಗಲ ಭೂಮಿಯೂ ಇರಲಿಲ್ಲ. ಜುಲೈ ಮುಗಿಯುವಾಗ ಅದೇ ಅಣ್ಣ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, 'ಇದು ನಿಲ್ಲುವುದೇ ಇಲ್ಲವೇ?' ಎಂದು ಕೇಳುತ್ತಿದ್ದ. ನೋಹನ ಕಾಲದಲ್ಲಿ ನಲವತ್ತು ದಿನ ಸುರಿಯಿತು ಎಂದು ಓದಿದ್ದೇವೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎಣಿಸಿ ನೋಡಿ ಎಂದು ನಮ್ಮ ಹಿರಿಯರೊಬ್ಬರು ಅವನಿಗೆ ಹೇಳಿದರು.

ಇದು ಯಾಕೆ ಹೀಗೆ ಎಂದು ಮಕ್ಕಳು ಕೇಳುತ್ತಾರೆ. ಕಾರಣ ಕಷ್ಟದ್ದಲ್ಲ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಮೊದಲು ಅಡ್ಡ ಸಿಗುವುದು ವಯನಾಡು ಮತ್ತು ನಮ್ಮ ದೇವಾಲ, ಪಂದಲೂರು ಬೆಟ್ಟಗಳು. ಗಾಳಿ ಮೇಲಕ್ಕೆ ಏರುತ್ತದೆ, ತಣ್ಣಗಾಗುತ್ತದೆ, ಹೊತ್ತ ನೀರನ್ನು ಇಲ್ಲೇ ಇಳಿಸುತ್ತದೆ. ಅದೇ ಗಾಳಿ ಮುದುಮಲೆ, ಬಂಡೀಪುರ ದಾಟಿ ಗುಂಡ್ಲುಪೇಟೆಗೆ ಹೋಗುವಾಗ ಅದರ ಮೂಟೆ ಬರಿದಾಗಿರುತ್ತದೆ. ಗೂಡಲೂರಿನಿಂದ ಗುಂಡ್ಲುಪೇಟೆಗೆ ಅರವತ್ತು ಕಿಲೋಮೀಟರಿನೊಳಗೆ ದಾರಿ. ಇಲ್ಲಿ ಕೊಡೆ ಹಿಡಿದು ಬಸ್ಸು ಹತ್ತಿದವನು ಅಲ್ಲಿ ಧೂಳಿನಲ್ಲಿ ಇಳಿಯುತ್ತಾನೆ. ಚಾಮರಾಜನಗರದ ಕಡೆ ವರ್ಷವೆಲ್ಲ ಸೇರಿ ಸುಮಾರು 700ರಿಂದ 800 ಮಿಲಿಮೀಟರ್ ಮಳೆ. ಅದರಲ್ಲೂ ಒಂದು ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಬರುವಂಥದ್ದು. ಇಲ್ಲಿ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಭೇದವೇ ತಿಳಿಯುವುದಿಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಕುನ್ನೂರು, ಕೋಟಗಿರಿ ತೋಟಗಳಲ್ಲಿ ನಿಮ್ಮ ನೆಂಟರಿದ್ದರೆ ಅವರ ಲೆಕ್ಕ ಬೇರೆ. ಅವರಿಗೆ ದೊಡ್ಡ ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ. ಆದ್ದರಿಂದ ಜುಲೈನಲ್ಲಿ ಅವರು 'ಇಲ್ಲಿ ಬಿಸಿಲಿದೆ' ಎಂದರೆ ಸುಳ್ಳು ಹೇಳುತ್ತಿದ್ದಾರೆಂದು ಜಗಳ ಮಾಡಬೇಡಿ.

ಈಗ ಮನೆಯ ವಿಷಯಕ್ಕೆ ಬರೋಣ.

ಈ ವಾರ ಬಿಸಿಲಿರುವಾಗಲೇ ರಾಗಿ, ಹುರುಳಿ, ಅವರೆ, ಮೆಣಸಿನಕಾಯಿ ಎಲ್ಲವನ್ನೂ ಒಣಗಿಸಿ ಡಬ್ಬಿಗೆ ಹಾಕಿ ಬಾಯಿ ಬಿಗಿಯಿರಿ. ಊರಿನಿಂದ ಒಂದು ಮೂಟೆ ರಾಗಿ ಹಿಟ್ಟು ಬೀಸಿಸಿ ತರುವ ಅಭ್ಯಾಸ ಹೊಸಬರಲ್ಲಿ ಇದೆ. ತರಬೇಡಿ. ಕಾಳಾಗಿ ತನ್ನಿ, ಹತ್ತು ದಿನಕ್ಕೆ ಬೇಕಾದಷ್ಟು ಮಾತ್ರ ಬೀಸಿಸಿ. ಹಿಟ್ಟು ಈ ತೇವದಲ್ಲಿ ಮುಗ್ಗಲು ಹಿಡಿದು ಕಹಿಯಾಗುತ್ತದೆ, ಅದರ ಮುದ್ದೆಯನ್ನು ನಾಯಿಯೂ ಮೂಸುವುದಿಲ್ಲ. ಉಪ್ಪಿನ ಭರಣಿ ಒಲೆಯ ಪಕ್ಕದಲ್ಲಿರಲಿ. ಬೆಂಕಿಪೆಟ್ಟಿಗೆ ಮುಚ್ಚಳದ ಡಬ್ಬಿಯಲ್ಲಿರಲಿ, ಡಬ್ಬಿ ಎಲ್ಲಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಜನನಪತ್ರ ಇವನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿ, ಪೆಟ್ಟಿಗೆಯ ಅಡಿಯಲ್ಲಿ ಅಲ್ಲ. ಅದರ ಕಾರಣ ಆಮೇಲೆ ಬರುತ್ತದೆ. ಕವಾತು ಮಾಡಿದ ಟೀ ಗಿಡದ ಕಡ್ಡಿ ಒಳ್ಳೆಯ ಸೌದೆ. ಈಗಲೇ ತಂದು ಒಲೆಯ ಮೇಲಿನ ಅಟ್ಟದಲ್ಲಿ ಪೇರಿಸಿಕೊಳ್ಳಿ. ಜುಲೈನಲ್ಲಿ ಹಸಿ ಸೌದೆ ಊದುವ ತಾಯಿಯ ಕಣ್ಣನ್ನು ನೋಡಿದರೆ ಅವಳು ಅಳುತ್ತಿದ್ದಾಳೋ ಅಡುಗೆ ಮಾಡುತ್ತಿದ್ದಾಳೋ ಹೇಳಲಾಗುವುದಿಲ್ಲ.

ಕೆಲಸಕ್ಕೆ ಹೋಗುವಾಗ ಊರಿನಲ್ಲಿ ಮಾಡುತ್ತಿದ್ದಂತೆ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಅರ್ಧ ಗಂಟೆಯೊಳಗೆ ಅದು ನೀರು ಕುಡಿದು, ನಿಮ್ಮ ಬೆನ್ನಿನ ಮೇಲೆ ಇನ್ನೊಂದು ಮೂಟೆಯಾಗುತ್ತದೆ. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟುವ ವಿಧಾನವನ್ನು ನಮ್ಮವರು ಕಲಿತದ್ದು ಲಂಕೆಯಿಂದ ಬಂದ ಅಕ್ಕಂದಿರಿಂದ. 1964ರ ಒಪ್ಪಂದದ ಮೇಲೆ ಲಂಕೆಯ ತೋಟಗಳಿಂದ ಹಿಂದಿರುಗಿ ಬಂದ ತಮಿಳು ಕುಟುಂಬಗಳಿಗೆ ಈ ಕಡೆಯ ಸರ್ಕಾರಿ ಟೀ ತೋಟಗಳಲ್ಲಿ ಕೆಲಸ ಕೊಟ್ಟರು. ಅವರು ಹುಟ್ಟಿದ್ದೇ ಇಂಥ ಮಳೆಯಲ್ಲಿ. ನಮ್ಮ ತಾಯಂದಿರು ಸೀರೆ ಒದ್ದೆಯಾಗಿ ನಡುಗುತ್ತಾ ನಿಂತದ್ದನ್ನು ನೋಡಿ, ಭಾಷೆ ಬಾರದಿದ್ದರೂ ಕೈಹಿಡಿದು ಎಳೆದು, ಹಾಳೆಯನ್ನು ಎದೆಯ ಕೆಳಗಿಂದ ಮೊಣಕಾಲಿನ ಕೆಳಗಿನವರೆಗೆ ಬರುವಂತೆ ಸುತ್ತಿ, ಹಗ್ಗ ಬಿಗಿದು ಕಳಿಸಿದರಂತೆ. ಇಂದಿಗೂ ನಮ್ಮ ಹೆಂಗಸರು ಹಾಗೆಯೇ ಕಟ್ಟುತ್ತಾರೆ. ಹೊಸದಾಗಿ ಬಂದ ತಂಗಿಯರು ಪಕ್ಕದ ಮನೆಯಲ್ಲಿ ಕೇಳಿ ಕಲಿಯಿರಿ, ನಾಚಿಕೆ ಬೇಡ.

ಕೊಡೆ, ಕಂಬಳಿ, ಮಳೆಕೋಟು ಎಂಬುವು ಯಾರೋ ದಯೆ ತೋರಿಸಿ ಕೊಡುವ ಉಡುಗೊರೆಗಳಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯ 17ನೇ ಕಲಮಿನಲ್ಲಿ ಈ ಮೂರರ ಹೆಸರನ್ನೂ ಹಿಡಿದು ಬರೆದಿದ್ದರು. ಮಳೆ ಚಳಿಯಿಂದ ಕೆಲಸದವರನ್ನು ಕಾಪಾಡಲು ಮಾಲೀಕರು ಇವನ್ನು ಕೊಡಬೇಕೆಂದು ರಾಜ್ಯ ಸರ್ಕಾರಗಳು ನಿಯಮ ಮಾಡಬಹುದು ಎಂದು. ಆ ಕಾಯ್ದೆಯನ್ನು 2020ರಲ್ಲಿ ಅಂಗೀಕಾರವಾದ ಹೊಸ ಸಂಹಿತೆಯೊಳಗೆ ಸೇರಿಸಿದ್ದಾರೆ. ಕಾಗದ ಬದಲಾಗಿದೆ, ಮಳೆ ಬದಲಾಗಿಲ್ಲ. ನಮ್ಮಲ್ಲಿ ಕೆಲವರು ಹಿಂದೆ ದುಡಿದ ಒಂದು ತೋಟದಲ್ಲಿ ಕಂಬಳಿ ಹಂಚುತ್ತಿದ್ದದ್ದು ಅಕ್ಟೋಬರ್‌ನಲ್ಲಿ, ಮಳೆ ಮುಗಿದ ಮೇಲೆ. ಎರಡು ವರ್ಷ ಸುಮ್ಮನಿದ್ದು, ಮೂರನೆಯ ವರ್ಷ ಏಪ್ರಿಲ್‌ನಲ್ಲಿಯೇ ನಲವತ್ತು ಮಂದಿ ಸಹಿ ಮತ್ತು ಹೆಬ್ಬೆಟ್ಟು ಹಾಕಿ ಕಾಗದ ಕೊಟ್ಟೆವು. ಜೂನ್ ಎರಡನೆಯ ವಾರಕ್ಕೆ ಬಂತು. ಕೇಳುವುದಕ್ಕೂ ಒಂದು ಕಾಲ ಇದೆ, ಅದು ಮಳೆಗೆ ಮುಂಚೆ.

ತೂಕದ ಹೊತ್ತಿಗೆ ಒದ್ದೆ ಎಲೆಗೆ ನೀರಿನ ಲೆಕ್ಕ ಎಂದು ಇಷ್ಟು ಕಿಲೋ ಕಳೆಯುತ್ತಾರೆ. ಕಳೆಯುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಎಷ್ಟು ಕಳೆದರು ಎಂದು ಅಲ್ಲಿಯೇ ಕೇಳಿ, ಮನೆಗೆ ಬಂದು ಮಕ್ಕಳ ಕೈಯಲ್ಲಿ ಬರೆಸಿಡಿ.

ದೇಹದ ಮಾತು. ಇಂಬಳವನ್ನು ಇಲ್ಲಿ ಅಟ್ಟೆ ಎನ್ನುತ್ತಾರೆ. ಅದನ್ನು ಕಿತ್ತು ಎಳೆಯಬೇಡಿ, ಉಪ್ಪು ಅಥವಾ ಹೊಗೆಸೊಪ್ಪಿನ ನೀರು ತಾಗಿಸಿದರೆ ಬಿಡುತ್ತದೆ. ಅದು ಕುಡಿಯುವ ರಕ್ತಕ್ಕಿಂತ ಆಮೇಲೆ ನಾವು ಕೆರೆದುಕೊಳ್ಳುವುದರಿಂದ ಆಗುವ ಹುಣ್ಣೇ ಹೆಚ್ಚು ಕಾಟ ಕೊಡುವುದು. ಕಾಲ್ಬೆರಳ ಸಂದಿಯ ಕೆಸರುಹುಣ್ಣಿಗೆ ಔಷಧಕ್ಕಿಂತ ಮುಖ್ಯವಾದದ್ದು ರಾತ್ರಿ ಕಾಲು ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಒಣಗಿದ ಕಾಲಿನಲ್ಲಿ ಮಲಗುವುದು. ಆ ಹುಣ್ಣನ್ನು ಅಲಕ್ಷ್ಯ ಮಾಡಬಾರದು. ಇಲಿಯ ಮೂತ್ರ ಸೇರಿದ ಕೆಸರುನೀರು ಹುಣ್ಣಿನ ಮೂಲಕ ಒಳಹೊಕ್ಕರೆ ಇಲಿಜ್ವರ ಬರುತ್ತದೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇವು ಸೇರಿ ಬಂದರೆ ಕಷಾಯ ಕುಡಿದು ಮೂರು ದಿನ ಕಾಯಬೇಡಿ. ಮೊದಲೇ ಹೋದರೆ ಮಾತ್ರೆಯಲ್ಲಿ ಮುಗಿಯುತ್ತದೆ, ತಡವಾದರೆ ಮೂತ್ರಪಿಂಡ, ಪಿತ್ತಜನಕಾಂಗ ಕೆಡುತ್ತವೆ. ಡಾಕ್ಟರಿಗೆ 'ಕೆಸರಿನಲ್ಲಿ ಕೆಲಸ ಮಾಡುತ್ತೇನೆ' ಎಂದು ನೀವಾಗಿಯೇ ಹೇಳಿ, ಅವರು ಕೇಳದೆ ಇದ್ದರೂ. ಇನ್ನೊಂದು ಮಾತು, ದೊಡ್ಡ ಆಸ್ಪತ್ರೆಗೆಂದು ಮೈಸೂರಿಗೆ ಹೋಗುವವರಿಗೆ: 2009ರಿಂದ ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚುತ್ತಾರೆ. ಆಂಬುಲೆನ್ಸಿಗೆ ಬಿಡುತ್ತಾರೆ. ಬಾಡಿಗೆ ಜೀಪಿನಲ್ಲಿ ಹೊರಟು ಗೇಟಿನಲ್ಲಿ ಅಳುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.

ಮನಸ್ಸಿನ ಮಾತನ್ನು ಮೊದಲು ನಾವು ಮಾತಾಡುತ್ತಿರಲಿಲ್ಲ. ಟೀ ತೋಟದಲ್ಲಿ ಮಳೆಗೆ ಮುಂಚೆ ಸಿಲ್ವರ್ ಓಕ್ ಮರದ ಕೊಂಬೆ ಇಳಿಸುವುದನ್ನು ನೋಡಿದ್ದೀರಿ. ಯಾಕೆ? ಮೋಡದ ದಿನಗಳಲ್ಲಿ ಕೆಳಗಿನ ಗಿಡಕ್ಕೆ ಇರುವ ಚೂರು ಬೆಳಕಾದರೂ ಸಿಗಲಿ ಎಂದು. ಬೆಳಕಿಲ್ಲದೆ ತೇವ ನಿಂತರೆ ಎಲೆಗೆ ಬೊಕ್ಕೆ ರೋಗ ಬರುತ್ತದೆ. ಅದು ದಕ್ಷಿಣ ಇಂಡಿಯಾದ ತೋಟಗಳಿಗೆ ಬಂದದ್ದು 1946ರಲ್ಲಿ, ಆಗಿನಿಂದ ಮಳೆಗಾಲವೆಲ್ಲ ಮದ್ದು ಹೊಡೆಯುತ್ತಲೇ ಇದ್ದಾರೆ. ಗಿಡದ ಬೆಳಕಿಗೆ ಇಷ್ಟು ಏರ್ಪಾಡು ಇದೆ. ಗಿಡದ ನಡುವೆ ನಿಲ್ಲುವವಳಿಗೆ?

ಮದುವೆಯಾಗಿ ಬಂದ ಒಬ್ಬ ಸೊಸೆ ಮೊದಲನೆಯ ಜುಲೈನಲ್ಲಿ ಮಾತು ಬಿಟ್ಟಳು. ಬೆಳಗ್ಗೆ ಏಳಲಾರಳು, ಊಟ ಬೇಡ, ಗೋಡೆ ಕಡೆ ತಿರುಗಿ ಮಲಗುವಳು. ಸೋಕು ಎಂದರು ಕೆಲವರು, ಸೋಮಾರಿ ಎಂದರು ಅತ್ತೆ. ಅವಳು ನಂಜನಗೂಡಿನ ಹತ್ತಿರದ ಹಳ್ಳಿಯ ಹುಡುಗಿ, ಹುಟ್ಟಿದಾಗಿನಿಂದ ಅಂಗಳದ ಬಿಸಿಲಿನಲ್ಲಿ ಬೆಳೆದವಳು. ಬೆಳಕು ಕಡಿಮೆಯಾದಾಗ ಕೆಲವರಿಗೆ ನಿದ್ರೆ ಏರುಪೇರಾಗಿ ಮನಸ್ಸು ಕುಗ್ಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆಗ ನಮಗೆ ಅದೆಲ್ಲ ತಿಳಿಯದು. ನಮ್ಮ ಅಕ್ಕಂದಿರಿಬ್ಬರು ಅವಳನ್ನು ಎಬ್ಬಿಸಿ ಬಾಗಿಲ ಬೆಳಕಿನಲ್ಲಿ ಕೂರಿಸಿ ಹುರುಳಿ ಹಸನು ಮಾಡಿಸುತ್ತಾ ಊರಿನ ಮಾತು ಆಡಿಸಿದರು. ಆಗಸ್ಟಿನಲ್ಲಿ ನಾಲ್ಕು ದಿನ ಮಸಿನಗುಡಿಯ ನೆಂಟರ ಮನೆಗೆ ಕಳಿಸಿದರು. ಅದು ಬೆಟ್ಟದ ಆಚೆ ಬದಿ, ಅಲ್ಲಿ ಬಿಸಿಲು. ಬಸ್ಸಿನಿಂದ ಇಳಿದು ನೆರಳನ್ನು ನೋಡಿ ಅವಳು ನಕ್ಕಳಂತೆ. ತನ್ನ ನೆರಳನ್ನೇ ನೋಡಿ ಎರಡು ತಿಂಗಳಾಗಿತ್ತು. ಎಲ್ಲರಿಗೂ ಇಷ್ಟರಲ್ಲೇ ವಾಸಿಯಾಗುತ್ತದೆಂದು ಹೇಳಲಾರೆವು. ಎರಡು ವಾರ ದಾಟಿದರೆ, ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದರೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಗಂಡಸರ ಕುಗ್ಗು ಮಾತ್ರ ಬೇರೆ ವೇಷದಲ್ಲಿ ಬರುತ್ತದೆ. ಮೈ ಬೆಚ್ಚಗಾಗಲಿ ಎಂದು ಒಂದು ಗ್ಲಾಸು ಎಂದು ಶುರುವಾಗುತ್ತದೆ. ಕುಡಿದರೆ ಚರ್ಮ ಬಿಸಿಯಾದಂತೆ ಕಾಣುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಇದನ್ನು ನಿಮ್ಮ ಹೆಂಡತಿಯರಿಗಾಗಿ ಹೇಳುತ್ತಿಲ್ಲ, ನಿಮಗಾಗಿಯೇ ಹೇಳುತ್ತಿದ್ದೇವೆ.

ಈಗ, ಈ ಭಾಷಣ ಯಾಕೆ ಪ್ರಾರಂಭವಾಯಿತು ಎಂಬುದು.

2018ರ ಜುಲೈನಲ್ಲಿ ನಮ್ಮ ಲೈನಿಗೆ ಹೊಸದಾಗಿ ಒಂದು ಸಂಸಾರ ಬಂದಿತ್ತು. ಗಂಡ, ಹೆಂಡತಿ, ಅತ್ತೆ, ನಾಲ್ಕು ವರ್ಷದ ಗಂಡುಮಗು. ಮಗುವಿಗೆ ಕೆಮ್ಮು. ಗೋಡೆಯಲ್ಲಿ ನೀರು ಇಳಿಯುತ್ತಿತ್ತು, ಕಿಟಕಿಯ ಒಂದು ಬಾಗಿಲು ಮುರಿದಿತ್ತು. 'ಚಳಿ ತಡೆಯಲಾಗುತ್ತಿಲ್ಲ, ಏನು ಮಾಡಲಿ ಅಕ್ಕಾ?' ಎಂದು ಆ ತಾಯಿ ಕೇಳಿದಳು. ಕಿಟಕಿಯ ಸಂದಿಗೆ ಗೋಣಿ ತುರುಕಿ, ಬಾಗಿಲ ಕೆಳಗೆ ಬಟ್ಟೆ ಒತ್ತಿ, ಒಡೆದ ಬಾಣಲೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿ ಎಂದು ಹೇಳಿದ್ದು ನಾವೇ. ಇದ್ದಿಲು ಕೊಟ್ಟದ್ದೂ ನಾವೇ. ಹೊಗೆ ಇಲ್ಲದ ಕೆಂಡ, ಮಗುವಿನ ಕೆಮ್ಮಿಗೆ ಒಳ್ಳೆಯದು ಎಂದುಕೊಂಡೆವು. ನಾವೂ ಎಷ್ಟೋ ವರ್ಷ ಹಾಗೆ ಮಲಗಿದ್ದೆವು, ಆದರೆ ನಮ್ಮ ಮನೆಗಳ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಆ ಮನೆಗೆ ಅದೇ ವರ್ಷ ಹೊಸ ತಗಡು ಹೊದಿಸಿ ಸಂದಿಯೆಲ್ಲ ಮುಚ್ಚಿದ್ದರು. ಅದನ್ನು ನಾವು ಯೋಚಿಸಲಿಲ್ಲ.

ರಾತ್ರಿ ಮೂರರ ಹೊತ್ತಿಗೆ ಅತ್ತೆ ಮೂತ್ರಕ್ಕೆಂದು ಎದ್ದು ಬಾಗಿಲು ತೆಗೆದು ಹೊಸ್ತಿಲ ಮೇಲೆಯೇ ಬಿದ್ದರು. ಪಾತ್ರೆ ಉರುಳಿದ ಸದ್ದಿಗೆ ಪಕ್ಕದ ಮನೆಯವರು ಬಂದರು. ದೊಡ್ಡವರಿಬ್ಬರನ್ನು ಮಳೆಯಲ್ಲಿ ಹೊರಗೆಳೆದು ಮಲಗಿಸಿದಾಗ ಉಸಿರಿತ್ತು. ಮಗುವಿಗೆ ಇರಲಿಲ್ಲ.

ಕೆಂಡದಿಂದ ಬರುವ ಆ ಗಾಳಿಗೆ ಕಾರ್ಬನ್ ಮಾನಾಕ್ಸೈಡ್ ಎಂದು ಹೆಸರು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆ ಇಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತುಬಿಡುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ನಿದ್ರೆಯಂಥ ಮಂಪರು. ಮಲಗಿದವನು ಏಳಬೇಕೆಂದುಕೊಂಡರೂ ಕಾಲು ಏಳುವುದಿಲ್ಲ. ಇದನ್ನೆಲ್ಲ ಆಸ್ಪತ್ರೆಯಲ್ಲಿ ನಮಗೆ ಹೇಳಿದರು, ಮರುದಿನ.

ಆ ತಾಯಿ ಇಲ್ಲೇ ಕೂತಿದ್ದಾಳೆ. ಈ ಸಾರಿ ಬಿಚ್ಚಿ ಹೇಳಿ ಎಂದು ಕೇಳಿದವಳೂ ಅವಳೇ. ಅವಳು ನಮ್ಮನ್ನು ಒಂದು ದಿನವೂ ದೂರಲಿಲ್ಲ. ಅದರಿಂದ ನಮಗೇನೂ ಹಗುರವಾಗಿಲ್ಲ.

ಆದ್ದರಿಂದ ಹೇಳುತ್ತೇವೆ: ಕೆಂಡವನ್ನು ಮಲಗುವ ಕೋಣೆಗೆ ತರಬೇಡಿ. ಸ್ವಲ್ಪ ಹೊತ್ತಿಗೆಂದೂ ಬೇಡ, ಬಾಣಂತಿಗೆಂದೂ ಬೇಡ. ಬಾಣಂತಿಯ ಕೋಣೆಗೆ ಕೆಂಡ ಇಡುವುದು ನಮ್ಮೂರ ಪದ್ಧತಿ ಎಂದು ಅಜ್ಜಿಯರು ಹೇಳುತ್ತಾರೆ, ನಿಜ, ಆ ಮನೆಗಳು ಬೇರೆ. ಮಲಗುವ ಮುಂಚೆ ಒಲೆಯ ಬಳಿ ಕೂತು ಕಂಬಳಿಯನ್ನೂ ಮೈಯನ್ನೂ ಕಾಯಿಸಿಕೊಳ್ಳಿ, ಆಮೇಲೆ ಕೆಂಡಕ್ಕೆ ನೀರು ಹಾಕಿ. ಬಿಸಿನೀರು ತುಂಬಿದ ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನ ಕಾಲ ಬಳಿ ಇಡಿ. ಎಷ್ಟೇ ಚಳಿಯಾದರೂ ಕಿಟಕಿಯ ಮೇಲೆ ಒಂದು ಗೇಣು ತೆರೆದಿರಲಿ. ಸಂದಿಗೆ ಗೋಣಿ ತುರುಕಿದ್ದು ಕಂಡರೆ, ಯಾರ ಮನೆಯಾದರೂ ಸರಿ, ನಾವು ಒಳಗೆ ಬಂದು ಕೀಳುತ್ತೇವೆ. ಕೋಪ ಮಾಡಿಕೊಳ್ಳಬೇಡಿ.

ಕೊನೆಯದಾಗಿ ಬೆಟ್ಟದ ವಿಷಯ. ಒಂದೇ ದಿನದಲ್ಲಿ ಎಷ್ಟು ಮಳೆ ಬೀಳಬಹುದು ಎಂಬ ಅಂದಾಜು ಬಯಲಿನವರಿಗೆ ಇರುವುದಿಲ್ಲ. 2009ರ ನವೆಂಬರ್‌ನಲ್ಲಿ ಕೇತಿಯಲ್ಲಿ ಒಂದು ದಿನಕ್ಕೆ 82 ಸೆಂಟಿಮೀಟರ್ ಬಿತ್ತು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿಯೂ ಒಂದು ದಿನಕ್ಕೆ 80 ಸೆಂಟಿಮೀಟರಿಗೆ ಮೇಲೆ ಬಿತ್ತು. ನಮ್ಮ ಚಾಮರಾಜನಗರ ಸೀಮೆಗೆ ಇಡೀ ವರ್ಷ ಬೀಳುವ ಮಳೆ ಅದು. 2009ರಲ್ಲಿ ನೀಲಗಿರಿಯಲ್ಲಿ ಮಣ್ಣು ಕುಸಿದು 40ಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಜುಲೈ 30ರ ನಡುರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ 250ಕ್ಕೂ ಹೆಚ್ಚು ಜನ ಹೋದರು. ನಮ್ಮಂಥ ತೋಟದ ಲೈನುಗಳೇ, ಅಲ್ಲಿ ಪಾಡಿ ಎನ್ನುತ್ತಾರೆ, ಕೊಚ್ಚಿಹೋದವು. ಸತ್ತವರಲ್ಲಿ ಕರ್ನಾಟಕದಿಂದ ಹೋಗಿ ನೆಲೆಸಿದ್ದವರೂ ಇದ್ದರು.

ನೆಲದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಕಂಬ ವಾಲುವುದು, ನಿನ್ನೆ ಸಲೀಸಾಗಿದ್ದ ಬಾಗಿಲು ಇಂದು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು, ಇಲ್ಲದ ಜಾಗದಲ್ಲಿ ಒರತೆ ಏಳುವುದು, ಹಳ್ಳದ ನೀರು ತಟ್ಟನೆ ಕೆಂಪಾಗುವುದು, ಅದಕ್ಕಿಂತ ಕೆಟ್ಟದ್ದು, ಜೋರು ಮಳೆಯಲ್ಲೂ ಹಳ್ಳದ ನೀರು ತಟ್ಟನೆ ಕಡಿಮೆಯಾಗುವುದು. ಮೇಲೆ ಎಲ್ಲೋ ಮಣ್ಣು ಅಡ್ಡಕಟ್ಟಿದೆ ಎಂದು ಅದರ ಅರ್ಥ. ಇವುಗಳಲ್ಲಿ ಒಂದು ಕಂಡರೂ ಮೇಸ್ತ್ರಿಯ ಅಪ್ಪಣೆಗೆ ಕಾಯದೆ ಮನೆ ಬಿಡಿ. ಹಳ್ಳದ ಗುಂಟ ಕೆಳಗೆ ಓಡಬೇಡಿ, ಪಕ್ಕಕ್ಕೆ, ಎತ್ತರಕ್ಕೆ ಹೋಗಿ. ಬಾಗಿಲ ಬಳಿ ಮೊಳೆಗೆ ಚೀಲ ನೇತುಹಾಕಿ ಎಂದದ್ದು ಇದಕ್ಕೇ. ಕೋಳಿ, ಪೆಟ್ಟಿಗೆ, ಟಿ.ವಿ. ಎಂದು ಹಿಂದೆ ಹೋಗಬೇಡಿ. ಜಿಲ್ಲೆಯ ಕಂಟ್ರೋಲ್ ರೂಮಿನ ನಂಬರು 1077.

ಹೋದ ವರ್ಷ ಆಗಸ್ಟ್‌ನಲ್ಲಿ ಎರಡನೆಯ ಲೈನಿನ ಹಿಂದೆ ಬಿರುಕು ಕಂಡು ಹನ್ನೊಂದು ಮನೆಯವರು ರಾತ್ರಿ ಇಲ್ಲಿಗೆ ಬಂದರೆ ಈ ಕೋಣೆಗೆ ಬೀಗ ಹಾಕಿತ್ತು. ಮಕ್ಕಳನ್ನು ಎತ್ತಿಕೊಂಡು ಮುಕ್ಕಾಲು ಗಂಟೆ ಜಗಲಿಯಲ್ಲಿ ನಿಂತರು. ಬಿರುಕು ಬಿರುಕಾಗಿಯೇ ಉಳಿಯಿತು, ಬೆಟ್ಟ ಬರಲಿಲ್ಲ. ಸುಮ್ಮನೆ ಓಡಿಬಂದಿರಿ ಎಂದು ಆಮೇಲೆ ಕೆಲವರು ಗೇಲಿ ಮಾಡಿದರು. ಆ ಹನ್ನೊಂದು ಮನೆಯವರು ಮಾಡಿದ್ದು ಸರಿ, ಬೀಗ ಹಾಕಿದ ನಾವು ಮಾಡಿದ್ದು ತಪ್ಪು. ಆದ್ದರಿಂದ ಕಮಿಟಿಯಲ್ಲಿ ಮಾತಾಡಿ ತೀರ್ಮಾನ ಮಾಡಿದ್ದೇವೆ. ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಕೋಣೆಗೆ ಬೀಗ ಇರುವುದಿಲ್ಲ, ಚಿಲಕ ಮಾತ್ರ. ಒಳಗೆ ಇಪ್ಪತ್ತು ಚಾಪೆ, ಎರಡು ಟಾರ್ಚು, ಒಂದು ಮೂಟೆ ಒಣ ಸೌದೆ ಇಟ್ಟಿದ್ದೇವೆ. ಹಾರ್ಮೋನಿಯಂ ಕಳುವಾದೀತು ಎಂದು ಹೆದರುವವರು ಅದನ್ನು ಮಳೆಗಾಲ ಮುಗಿಯುವ ತನಕ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದು. ಈಗ ಹೊರಡುವ ಮುಂಚೆ ಹೊಸ ಮನೆಯವರು ಒಬ್ಬೊಬ್ಬರಾಗಿ ಬಂದು ಕತ್ತಲಲ್ಲಿ ಕೈಗೆ ಸಿಗುವ ಹಾಗೆ ಆ ಚಿಲಕ ಎಲ್ಲಿದೆ ಎಂದು ಮುಟ್ಟಿ ನೋಡಿಕೊಂಡು ಹೋಗಿ.